ಬಂಡಿಯ ಮೇಲಿನ ಭಾರ

"ಶೇಷಾದ್ರಿ ಸರ್!" ಎಂದು ಮೈದಾನದ ಆ ತುದಿಯಿಂದ ಕನ್ನಡದಲ್ಲಿ ಕೂಗು ಬಂದಾಗ ಶೇಷಾದ್ರಿ ಕೇಳಿಸದವನಂತೆ ಬಗ್ಗಿ ಶೂ ಲೇಸು ಕಟ್ಟತೊಡಗಿದ. ಲೇಸು ಕಟ್ಟಿಯೇ ಇತ್ತು. ಅದನ್ನು ಬಿಚ್ಚಿ ಮತ್ತೆ ಕಟ್ಟಿದ.

ಕೂಗಿದವನು ಅಷ್ಟಕ್ಕೆ ಬಿಡುವ ಪೈಕಿಯಲ್ಲ. ಇನ್ನೊಮ್ಮೆ ಕೂಗಿ, ಒದ್ದೆ ಹುಲ್ಲಿನ ಮೇಲೆ ದಪದಪ ಓಡಿಬಂದು ಎದುರು ನಿಂತ. ಮೊಣಕಾಲಿನ ತನಕ ಕೆಸರು, ಕಿವಿ ಮುಚ್ಚುವಂತೆ ತಲೆಗೆ ಸುತ್ತಿದ ಪಟ್ಟಿ, ಕೈಯಲ್ಲಿ ಸ್ಟೀಲಿನ ಡಬ್ಬಿ.

"ಚಿತ್ರಾನ್ನ ಸರ್. ಮನೇಲಿ ನಿವೇದಿತಾ ನಿಮಗೂ ಸೇರಿಸಿ ಕಟ್ಟಿದ್ದಾಳೆ."

"ಆಮೇಲೆ ತಿಂತೀನಿ."

"ಆರೋಗತ್ತೆ ಸರ್."

"ಪರವಾಗಿಲ್ಲ ವಿಶಾಲ್."

ಅಕ್ಟೋಬರಿನ ಆ ಗಾಳಿಯಲ್ಲಿ ಡಬ್ಬಿ ಯಾವಾಗಲೋ ಆರಿಹೋಗಿತ್ತು. ವಿಶಾಲ ಅಲ್ಲೇ ಬೆಂಚಿನ ಮೇಲೆ ಕೂತು ಕೈಯಲ್ಲೇ ತಿನ್ನತೊಡಗಿದ. ಪಕ್ಕದಲ್ಲಿ ಸ್ವೀಡಿಷ್ ಆಟಗಾರರು ಫೋರ್ಕಿನಲ್ಲಿ ಪಾಸ್ತಾ ತಿನ್ನುತ್ತ ತಮ್ಮ ಪಾಡಿಗೆ ತಾವಿದ್ದರು. ಅರಿಶಿನ ಮೆತ್ತಿದ ಆ ಬೆರಳುಗಳನ್ನು ಗಮನಿಸುತ್ತಿದ್ದವನು ಶೇಷಾದ್ರಿಯೊಬ್ಬನೇ. ಅವನಿಗೆ ನಾಚಿಕೆಯಾಯಿತು. ನಾಚಿಕೆಯಾಯಿತಲ್ಲಾ ಎಂದು ಇನ್ನೊಮ್ಮೆ ನಾಚಿಕೆಯಾಯಿತು.

ಶೇಷಾದ್ರಿ ಸ್ಟಾಕ್‌ಹೋಮಿನ ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧಕ. ಮನುಷ್ಯನ ಬೆನ್ನು ಎಷ್ಟು ಭಾರ ತಡೆದೀತು ಎಂಬುದು ಅವನ ವಿಷಯ. ಜೀವಮಾನದಲ್ಲಿ ಯಾವ ಚೆಂಡನ್ನೂ ಮುಟ್ಟದ ಇವನು ಈ ದೇಶದ ರಗ್ಬಿ ತಂಡದ ಸಲಹೆಗಾರನಾದದ್ದು ಆ ಬೆನ್ನಿನಿಂದಾಗಿಯೇ. ರಗ್ಬಿಯಲ್ಲಿ ಫಾರ್ವರ್ಡ್‌ಗಳೆಂದು ಎಂಟು ಜನ. ಅವರು ಒಬ್ಬರನ್ನೊಬ್ಬರು ತಬ್ಬಿಕೊಂಡು, ತಲೆ ತಗ್ಗಿಸಿ, ಒಂದೇ ಮೈಯಾಗಿ ಎದುರಿನ ಎಂಟು ಜನರನ್ನು ದಬ್ಬಬೇಕು. ಅದಕ್ಕೆ ಸ್ಕ್ರಮ್ ಎನ್ನುತ್ತಾರೆ. ಅಭ್ಯಾಸಕ್ಕೆ ಎದುರಾಳಿಗಳ ಬದಲು ಕಬ್ಬಿಣದ ಒಂದು ಬಂಡಿ ಇದೆ. ಚಕ್ರವಿಲ್ಲದ, ನೆಲದ ಮೇಲೆ ಜಾರುವ ಬಂಡಿ. ಹೆಗಲು ಕೊಡಲು ಅದರಲ್ಲಿದ್ದ ಮೆತ್ತೆಗಳೊಳಗೆ ಶೇಷಾದ್ರಿ ತನ್ನ ಅಳತೆಯ ಯಂತ್ರಗಳನ್ನು ಕೂರಿಸಿದ್ದ. ಯಾರು ಎಷ್ಟು ದಬ್ಬಿದರು ಎಂಬುದು ಅವನ ಲ್ಯಾಪ್‌ಟಾಪಿಗೆ ಬರುತ್ತಿತ್ತು. ತಲೆ ತಗ್ಗಿಸುವುದರಲ್ಲೂ ಡಾಕ್ಟರೇಟ್ ಮಾಡಬಹುದೆಂದು ಅವನ ಹೆಂಡತಿ ಮೀರಾ ನೆಂಟರೆದುರು ತಮಾಷೆ ಮಾಡುವುದಿತ್ತು.

ಶನಿವಾರದ ಪಂದ್ಯಕ್ಕೆ ಏಳು ಫಾರ್ವರ್ಡ್‌ಗಳು ನಿಕ್ಕಿಯಾಗಿದ್ದರು. ಉಳಿದದ್ದು ಮುಂದಿನ ಸಾಲಿನ ಬಲತುದಿ, ಎದುರಾಳಿಯ ಭಾರವೆಲ್ಲ ಬಂದು ಬೀಳುವ ಜಾಗ. ಅದಕ್ಕೆ ಇಬ್ಬರು. ಒಬ್ಬ ಯೋನಾಸ್, ಗೋಡೆಯಂಥ ಹುಡುಗ. ಇನ್ನೊಬ್ಬ ವಿಶಾಲ.

ಒಬ್ಬೊಬ್ಬರನ್ನೇ ಬಂಡಿಗೆ ಹಚ್ಚಿದರೆ ಯೋನಾಸನ ಬಲವೇ ಹೆಚ್ಚು. ಆದರೆ ಎಂಟು ಜನರನ್ನೂ ಕಟ್ಟಿ ನಿಲ್ಲಿಸಿದರೆ ಲೆಕ್ಕ ತಿರುಗುತ್ತಿತ್ತು. ಯೋನಾಸ್ ತನ್ನ ಬಲವನ್ನೆಲ್ಲ ಒಬ್ಬನೇ ಖರ್ಚು ಮಾಡುತ್ತಿದ್ದ. ಪಕ್ಕದವನು ಜರುಗಿದರೆ ಇವನಿಗೆ ತಿಳಿಯುತ್ತಿರಲಿಲ್ಲ, ಬಂಡಿ ಓರೆಯಾಗಿ ಹೊರಳಿಬಿಡುತ್ತಿತ್ತು. ವಿಶಾಲನಿದ್ದಾಗ ಅದೇ ಏಳು ಜನ ಹೆಚ್ಚು ಬಲಶಾಲಿಗಳಾಗುತ್ತಿದ್ದರು. ಹೆಗಲಿಗೆ ಹೆಗಲು ಹೊಂದಿಸಿಕೊಂಡು ಅವನು ಒಳಗೊಳಗೇ ಅದೇನು ಮಾಡುತ್ತಿದ್ದನೋ, ಬಂಡಿ ಗೆರೆ ಎಳೆದಂತೆ ನೆಟ್ಟಗೆ ಹೋಗುತ್ತಿತ್ತು. ಶೇಷಾದ್ರಿ ಇದನ್ನು ಮತ್ತೆ ಮತ್ತೆ ಪರೀಕ್ಷಿಸಿದ್ದ. ತಪ್ಪು ಸಿಕ್ಕೀತೆಂಬ ಆಸೆಯಿಂದಲೇ ಪರೀಕ್ಷಿಸಿದ್ದ. ಸಿಕ್ಕಿರಲಿಲ್ಲ.

"ಇವತ್ತೇ ಹೇಳ್ತಾರಂತಲ್ಲ ಸರ್?" ವಿಶಾಲ ಡಬ್ಬಿ ಮುಚ್ಚುತ್ತ ಕೇಳಿದ.

"ಇರಬಹುದು."

"ಇದಾಗ್ಲಿಲ್ಲ ಅಂದ್ರೆ ನಂಗೆ ಇನ್ನೊಂದ್ ಸೀಸನ್ ಇಲ್ಲ. ಮಂಡಿ ಆಗ್ಲೇ ಕಂಪ್ಲೇಂಟ್ ಹೇಳ್ತಿದೆ."

ಬೆಂಗಳೂರಿನ ಕ್ಲಬ್ಬೊಂದರಲ್ಲಿ ಈ ಆಟದ ಹುಚ್ಚು ಹಿಡಿಸಿಕೊಂಡು, ಊರಂಚಿನ ಐಟಿ ಬಡಾವಣೆ ಕಿಸ್ಟಾದ ಟೆಲಿಕಾಂ ಆಫೀಸಿಗೆ ಬಂದು ಸೇರಿದವನು ವಿಶಾಲ. ಐದು ವರ್ಷ ಈ ನೆಲದಲ್ಲೇ ನೆಲೆಸಿದವನು ಈ ದೇಶದ ಅಂಗಿ ತೊಡಬಹುದೆಂಬ ನಿಯಮವಿತ್ತು. ಅದಕ್ಕೆ ಕುತ್ತು ಬಂದೀತೆಂದು ತಂಗಿಯ ಮದುವೆಗೂ ಹೋಗಿ ಅಕ್ಷತೆ ಹಾಕಿದವನೇ ವಿಮಾನ ಹತ್ತಿದ್ದ. ಕಂಪನಿ ಹೆಚ್ಚಿನ ಸಂಬಳಕ್ಕೆ ಜರ್ಮನಿಗೆ ಕಳಿಸುತ್ತೇನೆಂದಾಗ ಒಲ್ಲೆನೆಂದಿದ್ದ. ಐದು ವರ್ಷ ಈ ಬೇಸಿಗೆಗೆ ತುಂಬಿತ್ತು.

"ನನ್ ಪರವಾಗಿ ಏನೂ ಹೇಳ್ಬೇಡಿ ಸರ್," ಎಂದ ವಿಶಾಲ. "ಇರೋದನ್ನ ಹೇಳಿ. ಅಷ್ಟೇ ಸಾಕು."

ಶೇಷಾದ್ರಿ ಗಡಿಯಾರ ನೋಡಿಕೊಂಡ.

ಕ್ಲಬ್ಬಿನ ಕೋಣೆಯಲ್ಲಿ ಕಾಫಿ, ದಾಲ್ಚಿನ್ನಿ ಬನ್ನು, ಮೇಣದಬತ್ತಿ. ಯಾರನ್ನು ಕೈಬಿಡಬೇಕೆಂದು ನಿರ್ಧರಿಸುವಾಗಲೂ ಇವರಿಗೆ ಮೇಣದಬತ್ತಿ ಬೇಕು. ಮುಖ್ಯ ತರಬೇತುದಾರ ಮಾಟ್ಸ್, ಮ್ಯಾನೇಜರ್ ಅನ್ನಿಕಾ, ಇನ್ನಿಬ್ಬರು ಸಹಾಯಕರು. ಮೇಜಿನ ಸುತ್ತ ಸರದಿಯಂತೆ ಎಲ್ಲರೂ ಮಾತಾಡಬೇಕೆಂಬುದು ಇಲ್ಲಿಯ ಪದ್ಧತಿ. ಯಾರೂ ದನಿ ಏರಿಸುವುದಿಲ್ಲ, ಯಾರೂ ಒಬ್ಬರ ಮಾತನ್ನೊಬ್ಬರು ಕತ್ತರಿಸುವುದಿಲ್ಲ. ಸಹಾಯಕರಿಬ್ಬರೂ ಇಬ್ಬರು ಆಟಗಾರರನ್ನೂ ಹೊಗಳಿದರು. ಅನ್ನಿಕಾ, "ನನಗೆ ಶೇಷಾದ್ರಿಯ ಮಾತು ಕೇಳಬೇಕು," ಎಂದಳು.

ನಾಲ್ಕು ಮುಖಗಳು ಅವನತ್ತ ತಿರುಗಿದವು.

ಹೇಳಬೇಕಾದದ್ದು ಒಂದೇ ವಾಕ್ಯ. ಅದು ಅವನ ಗಂಟಲಲ್ಲೇ ಸಿದ್ಧವಾಗಿತ್ತು. ಆದರೆ ಹೋದ ವಾರ ವಿಭಾಗದಲ್ಲಿ ಕಾಫಿ ಕುಡಿಯುತ್ತ ಸಹೋದ್ಯೋಗಿಯೊಬ್ಬ ಆಡಿದ ಮಾತು ಅಡ್ಡ ಬಂತು. "ಕಿಸ್ಟಾ ಪೂರ್ತಿ ನಿಮ್ಮದೇ ಆಯಿತು. ಈಗ ರಗ್ಬಿಗೂ ನಿಮ್ಮವರನ್ನು ಕರೆತರುತ್ತಿದ್ದೀಯಂತೆ?" ಎಲ್ಲರೂ ನಕ್ಕಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಶೇಷಾದ್ರಿ.

ವಿಶಾಲನ ಹೆಸರು ಹೇಳಿದರೆ ಇವರು ಏನೆಂದುಕೊಳ್ಳುತ್ತಾರೆ? ಮುಖದ ಮೇಲೆ ಏನೂ ಹೇಳುವುದಿಲ್ಲ. ಚಿತ್ರಾನ್ನದ ಡಬ್ಬಿ ಹಂಚಿಕೊಳ್ಳುವವರು, ಮೈದಾನದಲ್ಲಿ ತಮ್ಮ ಭಾಷೆಯಲ್ಲಿ ಕೂಗಾಡುವವರು ಎಂದು ಮನಸ್ಸಿನಲ್ಲೇ ಒಂದು ಗೆರೆ ಎಳೆದುಕೊಳ್ಳುತ್ತಾರೆ. ಹದಿನಾಲ್ಕು ವರ್ಷದಿಂದ ಶೇಷಾದ್ರಿ ಆ ಗೆರೆಯ ಈಚೆ ಉಳಿಯಲು ಹೆಣಗಿದ್ದಾನೆ. ತಾನು ಪಕ್ಷಪಾತಿಯಲ್ಲ ಎಂದು ತೋರಿಸಬೇಕಿತ್ತು. ಒಂದಿಷ್ಟು ಹಿಂಜರಿದರೆ ಸಾಕು, ಮಿಕ್ಕವರು ಹೇಗೂ ವಿಶಾಲನ ಪರ ವಾದಿಸುತ್ತಾರೆ, ತಾನು ಕೊನೆಗೆ ಒಪ್ಪಿಕೊಂಡಂತೆ ತಲೆಯಾಡಿಸಬಹುದು. ಊರಿನಲ್ಲಿ ಹೆಣ್ಣು ನೋಡಲು ಹೋದ ಮನೆಯಲ್ಲಿ ಉಪ್ಪಿಟ್ಟನ್ನು ಮೊದಲು ಬೇಡವೆಂದು ಆಮೇಲೆ ಹಾಕಿಸಿಕೊಳ್ಳುವ ಹಾಗೆ.

"ಇಬ್ಬರಲ್ಲೂ ಅವರವರದೇ ಗುಣಗಳಿವೆ," ಎಂದ. "ವಿಶಾಲನ ವಿಷಯದಲ್ಲಿ ನನಗೆ... ಒಂದಿಷ್ಟು ಅನುಮಾನ."

"ಅಳತೆಯಲ್ಲಿ ಹಾಗೆ ಬಂದಿದೆಯೇ?" ಮಾಟ್ಸ್ ಕೇಳಿದ.

"ಅಳತೆಯನ್ನು ಹೇಗೆ ಬೇಕಾದರೂ ಓದಬಹುದು."

ಇನ್ನೊಮ್ಮೆ ಕೇಳುತ್ತಾರೆಂದು ಶೇಷಾದ್ರಿ ಕಾದ. ಯಾರೂ ಕೇಳಲಿಲ್ಲ. ಅನ್ನಿಕಾ ಬಟ್ಟಲನ್ನು ಸದ್ದಿಲ್ಲದೆ ಕೆಳಗಿಟ್ಟಳು. ಸಹಾಯಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಟ್ಸ್ ಕಿಟಕಿಯಾಚೆ ನೋಡಿ, "ಸರಿ. ಹಾಗಾದರೆ ಯೋನಾಸ್," ಎಂದ. ಎಲ್ಲರೂ ತಲೆಯಾಡಿಸಿದರು. ಶೇಷಾದ್ರಿಯೂ ಆಡಿಸಿದ.

ಅಷ್ಟು ಬೇಗ ಮುಗಿಯಿತು. ಬನ್ನು ಅರ್ಧ ಹಾಗೇ ಇತ್ತು.

ಇಲ್ಲಿ ಅವರವರ ಬಟ್ಟಲು ಅವರವರೇ ತೊಳೆಯಬೇಕು. ಸಿಂಕಿನ ಹತ್ತಿರ ಅನ್ನಿಕಾ ಪಕ್ಕಕ್ಕೆ ಬಂದು ನಿಂತಳು.

"ನೀನು ಹಾಗೆ ಹೇಳುತ್ತೀಯೆಂದು ನಾವು ಅಂದುಕೊಂಡಿರಲಿಲ್ಲ," ಎಂದಳು. "ನಮಗೆಲ್ಲ ವಿಶಾಲನೇ ಬೇಕಿತ್ತು. ಮಾಟ್ಸ್ ಬೆಳಿಗ್ಗೆಯೇ ನನಗೆ ಹೇಳಿದ್ದ."

"ಮತ್ತೆ ಯಾಕೆ ಯಾರೂ..."

"ನೀನು ಅನುಮಾನ ಅಂದೆಯಲ್ಲ."

"ಒಂದಿಷ್ಟು ಅಂದೆ. ಒಂದಿಷ್ಟು ಮಾತ್ರ."

ಅನ್ನಿಕಾ ಅವನನ್ನು ಅಚ್ಚರಿಯಿಂದ ನೋಡಿದಳು. "ಅಳೆದವನು ನೀನು. ಅವನನ್ನು ಎಲ್ಲರಿಗಿಂತ ಹತ್ತಿರದಿಂದ ಬಲ್ಲವನೂ ನೀನು. ನಿನಗೇ ಅನುಮಾನ ಅಂದಮೇಲೆ ನಾವು ಒತ್ತಾಯಿಸುವುದು ಹೇಗೆ? ನೀನು ಇಲ್ಲಿಯವನೇ ಆಗಿದ್ದೀ, ನಮ್ಮ ರೀತಿ ನಿನಗೆ ಗೊತ್ತಿಲ್ಲವೇ?"

ಇಲ್ಲಿಯವನೇ ಆಗಿದ್ದೀ. ಈ ಮಾತು ಕೇಳಲು ಅವನು ಎಷ್ಟು ವರ್ಷದಿಂದ ಕಾದಿದ್ದ. ಕೊನೆಗೂ ಬಂತು, ಹೀಗೆ ಬಂತು.

ಈಗಲೂ ಕಾಲ ಮೀರಿರಲಿಲ್ಲ. ಪಕ್ಕದ ಕೋಣೆಯಲ್ಲಿ ಮಾಟ್ಸ್ ಇದ್ದ. ಬಾಗಿಲು ತಟ್ಟಿ, ನಾನು ಇದ್ದದ್ದನ್ನು ಹೇಳಲಿಲ್ಲ ಎಂದರೆ ಮುಗಿಯಿತು. ಶೇಷಾದ್ರಿ ಬಾಗಿಲ ತನಕ ಹೋದ. ಹಿಡಿಯ ಮೇಲೆ ಕೈಯನ್ನೂ ಇಟ್ಟ. ಯಾಕೆ ಹೇಳಲಿಲ್ಲ ಎಂದು ಮಾಟ್ಸ್ ಕೇಳಿದರೆ? ನೀವು ನನ್ನನ್ನು ಏನೆಂದುಕೊಳ್ಳುತ್ತೀರೋ ಎಂದು ಹೆದರಿದೆ ಎನ್ನಬೇಕು. ಅದನ್ನು ಯಾವ ಭಾಷೆಯಲ್ಲಿ ಹೇಳುವುದು? ಒಳಗೆ ಮಾಟ್ಸ್ ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದ. ಅಡ್ಡಿಪಡಿಸುವುದು ಸಭ್ಯತೆಯಲ್ಲ. ಶೇಷಾದ್ರಿ ವಾಪಸ್ಸು ಬಂದು, ಒರೆಸಿಟ್ಟಿದ್ದ ಬಟ್ಟಲನ್ನು ಮತ್ತೊಮ್ಮೆ ಒರೆಸಿದ.

ಸ್ವಲ್ಪ ಹೊತ್ತಿನ ಮೇಲೆ ಕಿಟಕಿಯಲ್ಲಿ ಕಂಡಿತು. ಮಾಟ್ಸ್ ಮೈದಾನದಲ್ಲಿ ವಿಶಾಲನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳುತ್ತಿದ್ದ. ವಿಶಾಲ ಕೇಳಿಸಿಕೊಂಡು ತಲೆಯಾಡಿಸಿದ. ಯೋನಾಸನ ಬಳಿಗೆ ಹೋಗಿ ಕೈಕುಲುಕಿದ. ಆಮೇಲೆ ತಲೆಯ ಪಟ್ಟಿ ಬಿಚ್ಚಿ, ಮಡಚಿ, ಮತ್ತೆ ಬಿಡಿಸಿ, ಏನು ಮಾಡುವುದೆಂದು ತೋಚದೆ ನಿಂತ.

ಶೇಷಾದ್ರಿ ಹಿಂಬಾಗಿಲಿನಿಂದ ಬಸ್ಸಿಗೆ ಹೋಗಬಹುದಿತ್ತು. ಲ್ಯಾಪ್‌ಟಾಪು ಬಂಡಿಯ ಬಳಿಯೇ ಉಳಿದಿತ್ತು. ಅದನ್ನು ತರಲು ಮೈದಾನಕ್ಕೆ ಇಳಿದ.

"ಕೇಳಿದ್ರಾ ಸರ್," ಎಂದ ವಿಶಾಲ, ಇವನನ್ನು ಕಂಡೊಡನೆ. ನಗಲು ನೋಡಿದ. "ಆಗ್ಲಿಲ್ಲ."

"ಹೂಂ."

"ನೀವು ನನ್ ಪರ ಮಾತಾಡೇ ಇರ್ತೀರಿ. ಬೇಡ ಅಂದಿದ್ದೆ, ಆದ್ರೂ ಮಾತಾಡಿರ್ತೀರಿ. ನಂಗೊತ್ತು. ನಿಮ್ ಒಬ್ರ ಮಾತು ಅಷ್ಟು ಜನದ ಮುಂದೆ ಎಲ್ಲಿ ನಡೀಬೇಕು?"

ಶೇಷಾದ್ರಿ ಲ್ಯಾಪ್‌ಟಾಪು ಮುಚ್ಚಿದ. "ನೋಡೋಣ ವಿಶಾಲ್. ಮುಂದಿನ ಸಲ."

"ಮುಂದಿನ ಸಲ ಏನಿದೆ ಸರ್."

ವಿಶಾಲನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅವನು ಎತ್ತಿದ. ಸ್ಕೂಲಿನಿಂದ ಆಗಷ್ಟೇ ಮನೆಗೆ ಬಂದ ಮಗಳ ದನಿ ಶೇಷಾದ್ರಿಗೂ ಕೇಳಿಸಿತು. ಅಂಗಿ ಸಿಕ್ಕಿತಾ ಪಪ್ಪಾ ಎಂದು ಅವಳು ಸ್ವೀಡಿಷ್‌ನಲ್ಲಿ ಕೇಳುತ್ತಿದ್ದಳು. ಹಳದಿ ಅಂಗಿ, ನಂಬರ್ ಇರುವುದು.

"ಮನೆಗ್ ಬಂದ್ ಹೇಳ್ತೀನಿ ಪುಟ್ಟಿ," ಎಂದ ವಿಶಾಲ ಕನ್ನಡದಲ್ಲಿ. ಫೋನನ್ನು ಜೇಬಿಗೆ ಹಾಕಿಕೊಂಡು ಮುಖವನ್ನು ತೋಳಿಗೆ ಒರೆಸಿಕೊಂಡ. "ಕ್ಲಾಸಲ್ಲಿ ಎಲ್ರಿಗೂ ಹೇಳ್ಬಿಟ್ಟಿದ್ದಾಳೆ ಸರ್."

ಈಗ ಹೇಳಬೇಕಿತ್ತು. ಸುತ್ತ ಕನ್ನಡ ಬಲ್ಲವರು ಇನ್ನೊಬ್ಬರಿರಲಿಲ್ಲ. ಹೇಳಿದರೆ ಅವರಿಬ್ಬರ ನಡುವೆಯೇ ಉಳಿಯುವ ಮಾತು. ಶೇಷಾದ್ರಿ, "ಚಳಿ ಜಾಸ್ತಿಯಾಯ್ತು," ಎಂದ.

ಅಷ್ಟರಲ್ಲಿ ಮಾಟ್ಸ್ ಸೀಟಿ ಊದಿದ. ಆಯ್ಕೆಯಾದ ಎಂಟು ಜನ ಬಂಡಿಯೆದುರು ಸಾಲುಗಟ್ಟುತ್ತಿದ್ದರು. ಖಾಲಿ ಬಂಡಿ ಹಗುರ, ಅದಕ್ಕೆ ಭಾರ ಬೇಕು. ಸಾಮಾನ್ಯವಾಗಿ ಆಡದೆ ಉಳಿದವರು ಅದರ ಮೇಲೆ ಹತ್ತಿ ನಿಲ್ಲುತ್ತಾರೆ. ಮಾಟ್ಸ್ ಸುತ್ತ ನೋಡಿದ.

"ವಿಶಾಲ್, ಹತ್ತುತ್ತೀಯಾ? ಶೇಷಾದ್ರಿ, ನೀನೂ ಬಾ. ಇಬ್ಬರಾದರೆ ಸರಿಯಾಗುತ್ತದೆ."

ವಿಶಾಲ ಒಂದೇ ಜಿಗಿತಕ್ಕೆ ಹತ್ತಿದ. ಕೈ ಚಾಚಿ ಶೇಷಾದ್ರಿಯನ್ನು ಎಳೆದುಕೊಂಡ. ಇಕ್ಕಟ್ಟಾದ ಹಲಗೆ, ಮುಂದೆ ಸೊಂಟದೆತ್ತರಕ್ಕೆ ತಣ್ಣನೆಯ ಕಬ್ಬಿಣದ ಸರಳು. ಇಬ್ಬರೂ ಎಂಟು ಜನರಿಗೆ ಎದುರಾಗಿ ನಿಂತರು. ಎಂಟು ಜನ ತಬ್ಬಿಕೊಂಡು ತಲೆ ತಗ್ಗಿಸಿದರು. ಒಂದು ಮುಖವೂ ಕಾಣುತ್ತಿರಲಿಲ್ಲ, ಬರೀ ಬೆನ್ನುಗಳು.

ಸೀಟಿಯಾಯಿತು. ಮೆತ್ತೆಗಳಿಗೆ ಹೆಗಲು ಬಡಿದ ಹೊಡೆತಕ್ಕೆ ಶೇಷಾದ್ರಿ ಮುಂದಕ್ಕೆ ಮಾಲಿದ. ಬೀಳುವ ಮೊದಲೇ ವಿಶಾಲನ ಕೈ ಅವನ ಸೊಂಟವನ್ನು ಬಳಸಿ, ಜಾಕೆಟನ್ನು ಮುಷ್ಟಿಯಲ್ಲಿ ಹಿಡಿದು ತನ್ನ ಮೈಗೆ ಒತ್ತಿಕೊಂಡಿತು. ಸ್ಕ್ರಮ್ಮಿನಲ್ಲಿ ಪಕ್ಕದವನನ್ನು ಹಿಡಿಯುವ ಹಿಡಿತ ಅದು. ಎಷ್ಟೋ ವರ್ಷದಿಂದ ಕೈಗೆ ರೂಢಿಯಾದದ್ದು.

"ಗಟ್ಟಿ ಹಿಡ್ಕೊಳ್ಳಿ ಸರ್."

ಬಂಡಿ ಹುಲ್ಲನ್ನು ಕೀಳುತ್ತ ಹಿಂದೆ ಹಿಂದೆ ಜಾರಿತು. ಎಲ್ಲಿಗೆ ಹೋಗುತ್ತಿದ್ದೇವೆಂಬುದು ಮೇಲೆ ನಿಂತವರಿಗೆ ಕಾಣುವಂತಿರಲಿಲ್ಲ. ಒಂದು ಬದಿ ಮಾತ್ರ ಬೇಗ ಜಾರಿತು. ಯೋನಾಸನ ಬದಿ. ಬಂಡಿ ಮೆಲ್ಲಗೆ ಓರೆಯಾಗತೊಡಗಿತು.

ವಿಶಾಲ ಕೆಳಗಿನ ಬೆನ್ನುಗಳನ್ನೇ ನೋಡುತ್ತಿದ್ದ. "ನೇರ ಹೋಗ್ತಿಲ್ಲ ಅಲ್ವಾ ಸರ್?" ಎಂದ.

ಇದ್ದದ್ದನ್ನು ಹೇಳಿದರೆ ಸಾಕಿತ್ತು.

"ನೇರವಾಗೇ ಹೋಗ್ತಿದೆ," ಎಂದ ಶೇಷಾದ್ರಿ.

ವಿಶಾಲ ಅವನತ್ತ ಒಮ್ಮೆ ತಿರುಗಿ ನೋಡಿದ. ಸೊಂಟದ ಮೇಲಿನ ಮುಷ್ಟಿ ಇನ್ನೂ ಬಿಗಿಯಾಯಿತು. ಬೀಳದ ಹಾಗೆ ಹಿಡಿದದ್ದೋ ಇಳಿಯದ ಹಾಗೆ ಹಿಡಿದದ್ದೋ ಶೇಷಾದ್ರಿಗೆ ತಿಳಿಯಲಿಲ್ಲ. ಅವನು ಎರಡೂ ಕೈಯಲ್ಲಿ ಸರಳನ್ನು ಹಿಡಿದುಕೊಂಡಿದ್ದ. ಬಂಡಿ ಹೊರಳುತ್ತಲೇ ಇತ್ತು. ಅವರ ಬೆನ್ನ ಹಿಂದಿದ್ದ ಕ್ಲಬ್ಬಿನ ಮನೆ ಸುತ್ತಿ ಪಕ್ಕಕ್ಕೆ ಬಂತು, ಆಮೇಲೆ ಎದುರಿಗೆ ಬಂತು. ಅದರ ಕಿಟಕಿಯಲ್ಲಿ ಮೇಣದಬತ್ತಿ ಇನ್ನೂ ಉರಿಯುತ್ತಿತ್ತು. ಕೆಳಗೆ ಎಂಟು ಜನ ತಲೆಯೆತ್ತದೆ ದಬ್ಬುತ್ತಿದ್ದರು.