ಹೊಸ್ತಿಲಲ್ಲಿ ಸುರಿದ ಚೀಲ

"ಮಗೂನ ಚೀಲಕ್ಕೆ ಯಾರಾದ್ರೂ ಕೈ ಹಾಕಿದ್ರೆ ಚೆನ್ನಾಗಿರಲ್ಲ!" ಬಡಗಿಯ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ಏನಮ್ಮಾ ಹಾಗೆ ಹಾರಾಡ್ತೀಯ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು," ಎಂದು ಮಹಡಿ ಮನೆಯ ನಿವೃತ್ತ ಗುಮಾಸ್ತರು ನಕ್ಕರು.

ಕಳೆದದ್ದು ವಠಾರದ ಪಂಪಿನ ಕೋಣೆಯ ಕೀಲಿಕೈ. ಮನೆಗಳು ಹನ್ನೆರಡು. ಹನ್ನೊಂದು ಮನೆಯವರೂ ಬಂದು ನಿಂತದ್ದು ಬಡಗಿಯ ಬಾಗಿಲಿಗೆ.

ಬಡಗಿ ಹತ್ತೊಂಬತ್ತರ ವಯಸ್ಸಿನಲ್ಲಿ ನಾಲ್ಕು ಹಿತ್ತಾಳೆ ಚಿಲಕ ಕದ್ದು ಮೂರು ತಿಂಗಳು ಜೈಲಿನಲ್ಲಿದ್ದ. ಅಂದಿನಿಂದ ಹದಿನಾಲ್ಕು ವರ್ಷ, ದಿನಾ ಸಂಜೆ, ಅವನ ಅಪ್ಪ ಅವನಿಂದಲೇ ಕೆಲಸದ ಚೀಲವನ್ನು ಹೊಸ್ತಿಲಲ್ಲಿ ಸುರಿಸುತ್ತಿದ್ದ. ಉಳಿ, ಸುತ್ತಿಗೆ, ಅಳತೆ ಪಟ್ಟಿ. ವಠಾರ ನೋಡಿ ತಲೆಯಾಡಿಸಿ ಹೋಗುತ್ತಿತ್ತು. ಹೆಂಡತಿ ಮೊದಲ ವರ್ಷ ಅತ್ತಳು. ಆಮೇಲೆ ಆ ಹೊತ್ತಿಗೆ ಬಟ್ಟೆ ಮಡಚುತ್ತ ಕೂರುವುದು ರೂಢಿಯಾಯಿತು. ಎದೆಯಲ್ಲಿ ಏನೂ ಆಗುತ್ತಿರಲಿಲ್ಲ.

ಇವತ್ತು ಒಂಬತ್ತು ವರ್ಷದ ಮಗಳ ಶಾಲೆ ಚೀಲದ ಸರದಿ.

"ತೋರಿಸಿದ್ರೆ ಗಂಟೇನು ಹೋಗುತ್ತೆ?" ಮಾವ ಗದರಿದ. "ಹೀಗೆ ಮಾಡಿದ್ದಕ್ಕೇ ನಾವಿಲ್ಲಿ ತಲೆ ಎತ್ಕೊಂಡಿರೋದು."

"ಯಾರ ತಲೆ ಮಾವ? ನಿಮ್ಮ ಮಗ ತಲೆ ಎತ್ತಿದ್ದನ್ನ ನಾನಂತೂ ನೋಡಿಲ್ಲ. ಈ ಜನಕ್ಕೊಬ್ಬ ಕಳ್ಳ ಬೇಕು. ನಮ್ಮ ಬಾಗಿಲಲ್ಲಿ ನಿಂತ್ರೆ ಸಾಕು, ಎಲ್ರೂ ಸಾಚಾ! ಮೊನ್ನೆವರೆಗೂ ಮುಖ ಮುಖ ನೋಡದ ಹಾಲಿನವನೂ ದರ್ಜಿಯೂ ಇವತ್ತು ಹೇಗೆ ಒತ್ತಿಕೊಂಡು ನಿಂತಿದಾರೆ ನೋಡಿ. ನಿಮ್ಮ ಮಗನ ನಂತರ ಯಾರು ಅಂತ ಈಗಲೇ ಹುಡುಕ್ತಿದಾರೆ."

ಮಹಡಿಯಿಂದ ಗುಮಾಸ್ತರ ಹೆಂಡತಿ ಕೂಗಿದಳು: "ರೀ, ಕೀಲಿ ನಿಮ್ಮ ಪೈಜಾಮದ ಜೇಬಲ್ಲೇ ಇದೆ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಗುಮಾಸ್ತರೂ ನಕ್ಕರು. ತಪ್ಪಾಯಿತು ಎನ್ನಲು ಮಾತ್ರ ಒಂದು ನಾಲಿಗೆಯೂ ಹೊರಳಲಿಲ್ಲ.

"ಸಿಕ್ತಲ್ಲ, ಸರಿ," ಎಂದ ಮಾವ. "ಆದ್ರೂ ಎಲ್ಲ ಬಂದಿದಾರೆ, ಒಂದ್ಸಲ ಸುರಿದುಬಿಡೋ. ಅಭ್ಯಾಸ ಆಗ್ಲಿ."

ಬಡಗಿಯ ಕೈ ತಾನಾಗಿಯೇ ಚಾಚಿ ಮಗಳ ಚೀಲದ ಬಕಲು ಬಿಚ್ಚತೊಡಗಿತು.

ಹೆಂಡತಿ ಆ ಕೈಯನ್ನು ನೋಡಿದಳು. ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಚೀಲ ಎತ್ತಿಕೊಂಡು ಬಕಲು ಹಾಕಿದಳು, ಮಗಳ ಕೈ ಹಿಡಿದಳು.

"ಎಲ್ಲಿಗೆ?" ಎಂದ ಮಾವ.

"ಇವಳ ಚೀಲ ಯಾರೂ ಕೇಳದ ಕಡೆಗೆ."

ಜನ ಸರಿದು ದಾರಿ ಬಿಟ್ಟರು.

"ಹೊಟ್ಟೆ ಹಸಿದ್ರೆ ಬರ್ತಾಳೆ ಬಿಡಿ," ಎಂದರು ಗುಮಾಸ್ತರು.

ಅವಳು ಬರಲಿಲ್ಲ.