ಬೀಗರ ಜೀಪು

ಮಳೆ ಹಿಡಿದರೆ ದೇವಿಕೊಪ್ಪದ ಆಚೆ, ಕಾಡಂಚಿನ ಹೊಲದ ಮನೆಗಳಿಗೆ ಹೋಗುವ ದಾರಿ ದಾರಿಯಾಗಿ ಉಳಿಯುವುದಿಲ್ಲ. ಬರೀ ಕೆಸರು. ಆ ಮನೆಗಳ ಹಾಲನ್ನು ಬೆಳಗಿನ ಜಾವ ಎತ್ತಿ ಡೇರಿಗೆ ಮುಟ್ಟಿಸುವುದು ಗೂಳಪ್ಪನ ಕೆಲಸ. ಹೋದ ಮಳೆಗಾಲದಲ್ಲಿ ಅವನ ಟೆಂಪೋ ಹಳ್ಳದ ಇಳುಕಲಿನಲ್ಲಿ ಹೂತು, ಹಾಲು ಒಡೆದು, ಜನ ಕ್ಯಾನುಗಳನ್ನು ನಾಯಿಗಳ ಮುಂದೆ ಬಗ್ಗಿಸಿದ್ದರು. ಈ ಸಲ ಡೇರಿಯವರು ಖಡಾಖಂಡಿತ ಹೇಳಿಬಿಟ್ಟಿದ್ದರು: "ಮಳಿ ಇರ್ಲಿ, ಬಿಡ್ಲಿ, ಹಾಲು ಬರಬೇಕು. ಇಲ್ಲಾಂದ್ರ ಲೈನು ಬ್ಯಾರೆಯವರಿಗೆ."

ಕುರಿ ಮಾರಿ ಈ ಕೆಲಸಕ್ಕೆ ಇಳಿದವನು ಗೂಳಪ್ಪ. ಹಾಲು ಸಾಗಿಸುವ ಈ ಲೈನು ಹೋದರೆ ತಿರುಗಿ ಹೋಗಲು ಅವನಿಗೆ ಹಿಂಡೂ ಇರಲಿಲ್ಲ.

ಹಳೆಯದಾದರೂ ಸರಿ, ನಾಲ್ಕೂ ಗಾಲಿ ಎಳೆಯುವ ಜೀಪು ಬೇಕೆಂದು ಅವನು ಅಳ್ನಾವರದ ಗ್ಯಾರೇಜಿನ ಅಬ್ದುಲಮಜೀದನ ಬೆನ್ನುಬಿದ್ದ. ಮಜೀದ ಒಂದನ್ನು ಹುಡುಕಿಕೊಟ್ಟ. ನೋಡಲು ದರಿದ್ರದ ಗಾಡಿ. ಮೈತುಂಬ ತುಕ್ಕು, ಮೇಲಿನ ಟಾಪು ಹರಿದಿತ್ತು, ಒಂದು ಬಾಗಿಲನ್ನು ಹಗ್ಗದಿಂದ ಕಟ್ಟಿದ್ದರು.

"ಇದೇನಲೇ, ಹೆಣಾ ಹೊರೂ ಗಾಡಿ ತೋರಸಾಕತ್ತಿ?" ಎಂದ ಗೂಳಪ್ಪ.

"ಬಣ್ಣಾ ನೋಡಿ ಗಾಡಿ ತಗೊಂಡಾಂವ, ಸೀರಿ ನೋಡಿ ಹೆಣ್ಣು ತಂದಾಂವ, ಇಬ್ರೂ ಆಮ್ಯಾಲೆ ನನ್ನ ಗ್ಯಾರೇಜಿನ್ಯಾಗ ಕುಂತು ಅಳ್ತಾರ, ಗೂಳಪ್ಪಣ್ಣ. ಬಾ ಇಲ್ಲಿ."

ಮಜೀದ ಗಾಡಿಯನ್ನು ಜಾಕಿನ ಮೇಲೆ ಎತ್ತಿದ, ಮುಂದಿನ ಗಾಲಿಗಳನ್ನೂ ಎಂಜಿನ್ನಿಗೆ ಕೂಡಿಸುವ ಸಣ್ಣ ಲಿವರು ಎಳೆದ. ಮುಂದಿನ ಗಾಲಿಗಳು ತಿರುಗಿದವು. ಆಮೇಲೆ ಇಟ್ಟಂಗಿ ಭಟ್ಟಿಯ ಹಿಂದಿನ ಕೆಸರಿನ ಗುಂಡಿಗೆ ಇಳಿಸಿದ. ಜೀಪು ಎಮ್ಮೆಯ ಹಾಗೆ ಇಳಿದು ಎಮ್ಮೆಯ ಹಾಗೆಯೇ ಎದ್ದು ಬಂತು. ಗೂಳಪ್ಪನಿಗೆ ಮನಸ್ಸಾಯಿತು. ಆ ಸೀಮೆಯಲ್ಲಿ ಗಾಡಿ ಮನೆಗೆ ಒಯ್ಯಲು ಅಮಾವಾಸ್ಯೆಯೇ ಶುಭದಿನ. "ಅಮಾಸಿಗೆ ಬರ್ತೀನಿ" ಎಂದು ಹೇಳಿ ಬಂದ.

ಅಷ್ಟರಲ್ಲಿ ದುಮ್ಮವಾಡದ ಸಿದ್ಧಾರೂಢನಿಗೆ ಸುದ್ದಿ ಮುಟ್ಟಿತು. ಸಿದ್ಧಾರೂಢ ಎಂದರೆ ಗೂಳಪ್ಪನ ಬೀಗ, ಮಗಳು ಮಂಜುಳಾಳ ಮಾವ. ತನ್ನದೇ ಜೀಪು ಹೊಡೆದುಕೊಂಡು ಅಂಗಳಕ್ಕೆ ಬಂದೇಬಿಟ್ಟ. ಕೆಂಪು ಬಣ್ಣ ಫಳಫಳ ಹೊಳೆಯುತ್ತಿತ್ತು. ಸೀಟು ಹೊಸವು.

"ಬೀಗರ ಮನ್ಯಾಗ ಗಾಡಿ ಇರೂವಾಗ ಊರ ಮಂದಿ ಗಾಡಿ ಯಾಕ್ರಿ? ನಾಲ್ಕೂ ಗಾಲೀದ ಐತಿ. ಮಾತು ಮುಗೀತು."

ಗೂಳಪ್ಪನ ಹೆಂಡತಿ ಮೈಲಾರವ್ವ ಅವನನ್ನು ಒಳಗೆ ಕರೆದು ಪಿಸುಗುಟ್ಟಿದಳು. "ಬ್ಯಾಡ ಅನಬ್ಯಾಡ್ರಿ. ಅಲ್ಲಿ ರೊಟ್ಟಿ ಬಡಿಯಾಕಿ ನಮ್ಮ ಹುಡುಗಿ. ನೀವು ಇಲ್ಲಿ ಒಂದು ಅಂದ್ರ ಅಕಿ ಅಲ್ಲಿ ಹತ್ತು ಕೇಳಬೇಕಾಗ್ತೈತಿ."

ಇನ್ನೊಂದು ಮಾತೂ ಇತ್ತು. ಬೀಗರ ಮನೆಯಿಂದ ಎತ್ತು ತಂದರೆ ಅದರ ಬಾಯಿ ತೆರೆಸಿ ಹಲ್ಲು ನೋಡುವ ಪದ್ಧತಿ ಇಲ್ಲ. ನೋಡಿದರೆ ಎತ್ತಿನ ಹಲ್ಲು ನೋಡಿದಂತಲ್ಲ, ಬೀಗರ ಮನೆತನದ ಹಲ್ಲು ನೋಡಿದಂತೆ. ಗೂಳಪ್ಪನ ಅಪ್ಪ ಹಾಗೆ ಒಂದು ಮುದಿ ಎತ್ತು ತಂದು, ಅದು ಸಾಯುವ ತನಕ ಸುಮ್ಮನೆ ಮೇವು ಹಾಕಿದ್ದ. ಊರು ಅವನನ್ನು ದೊಡ್ಡ ಮನುಷ್ಯ ಎಂದಿತ್ತು. ಎತ್ತು ಒಂದು ಸಾಲೂ ಹೊಡೆಯಲಿಲ್ಲ ಎಂಬುದನ್ನು ಯಾರೂ ಹೇಳಲಿಲ್ಲ.

ಆದರೂ ಗೂಳಪ್ಪ ಜೀವ ತಡೆಯದೆ ಮಜೀದನಿಗೆ ಫೋನು ಮಾಡಿದ. ಮಜೀದ ಬಂದ. ಕೈಯಲ್ಲಿದ್ದ ಗೋಣಿಚೀಲ ಹಾಸಿ ಜೀಪಿನ ಕೆಳಗೆ ಮಲಗಲು ಮೊಣಕಾಲೂರಿದ. ಸಿದ್ಧಾರೂಢ ಚಹದ ಬಟ್ಟಲು ಕೆಳಗಿಟ್ಟ.

"ಯಾಕ್ರಿ ಬೀಗರ, ಹಲ್ಲು ಎಣಸಾಕ ಮಂದೀನ ಕರಸೀರೇನು?"

ನಗುತ್ತಲೇ ಅಂದ. ಆದರೆ ಕಟ್ಟೆಯ ಮೇಲೆ ಕುಳಿತ ಓಣಿಯವರಿಗೆಲ್ಲ ಕೇಳಿಸಿತು. ಗೂಳಪ್ಪನ ನೆತ್ತಿಗೆ ಸಿಟ್ಟೇರಿತು. ಅದು ಬೀಗನ ಮೇಲಿನ ಸಿಟ್ಟು. ಬಂದು ಬಿದ್ದದ್ದು ಮಜೀದನ ಮೇಲೆ.

"ಏಳಲೇ ಮ್ಯಾಲೆ! ನಮ್ಮ ಬೀಗರೇನು ಕಳ್ಳರೇನಲೇ?"

"ಕಳ್ಳರಂತ ನಾ ಎಲ್ಲಿ ಅಂದೆ? ನಾ ಗಾಡಿ ನೋಡಾಕ ಬಂದೀನಿ."

"ನೋಡಿದ್ದು ಸಾಕು. ನಡಿ!"

ಮಜೀದ ಗೋಣಿ ಝಾಡಿಸಿ, ಮಡಚಿ, ಬೈಕು ಹತ್ತಿ ಹೋದ. ಸಿದ್ಧಾರೂಢ ತಾನೇ ಒಳಗೆ ಕೈ ಹಾಕಿ ಸಣ್ಣ ಲಿವರು ಎಳೆದು ತೋರಿಸಿದ. ಖಟ್ ಎಂದಿತು. "ಬಿತ್ತು ನೋಡ್ರಿ." ಗೂಳಪ್ಪ ಹೌದೆಂದು ತಲೆಯಾಡಿಸಿದ.

ಅಮಾವಾಸ್ಯೆಗೆ ರೊಕ್ಕ ಎಣಿಸಿಕೊಟ್ಟು, ಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಜೀಪು ಮನೆಯದಾಯಿತು. ಒಣ ನೆಲದಲ್ಲಿ ಚೆನ್ನಾಗಿಯೇ ಓಡಿತು. ಟೆಂಪೋ ಮಾರಿಬಿಟ್ಟ.

ಆರಿದ್ರಾ ಮಳೆ ಬಿತ್ತು. ಹಾಲು ತುಂಬಿಕೊಂಡು ಬರುವಾಗ ಅದೇ ಹಳ್ಳದ ಇಳುಕಲಿನಲ್ಲಿ ಜೀಪು ನಿಂತಿತು. ಗೂಳಪ್ಪ ಲಿವರು ಎಳೆದ. ಖಟ್ ಎಂದಿತು. ಹಿಂದಿನ ಗಾಲಿಗಳು ಗಿರಗಿರ ತಿರುಗಿ ಕೆಸರು ಸಿಡಿಸಿದವು. ಮುಂದಿನವು ಅತ್ತೆಮನೆಗೆ ಬಂದ ಅಳಿಯನ ಹಾಗೆ ಅಲುಗಾಡದೆ ಕುಳಿತಿದ್ದವು. ಮತ್ತೆ ಎಳೆದ, ಬೈದ, ಒದ್ದ. ಕೊನೆಗೆ ಕೆಸರಿನಲ್ಲೇ ಅಂಗಾತ ಮಲಗಿ ಕೆಳಗೆ ತೂರಿದ. ಹಿಂದಿನ ಗಾಲಿಗಳ ಕಡೆಗೆ ಕಬ್ಬಿಣದ ಶಾಫ್ಟು ಚಾಚಿಕೊಂಡಿತ್ತು. ಮುಂದಿನ ಗಾಲಿಗಳ ಕಡೆಗೆ ಹೋಗಬೇಕಾದ ಶಾಫ್ಟು ಇರಲೇ ಇಲ್ಲ. ಅದನ್ನು ಕೂಡಿಸುವ ಬೋಲ್ಟಿನ ತೂತುಗಳಲ್ಲಿ ಹಳೆಯ ಗ್ರೀಸು ಒಣಗಿ ಕಲ್ಲಾಗಿತ್ತು. ಲಿವರು ಎಷ್ಟು ಖಟ್ ಎಂದರೂ ಮುಂದಿನ ಗಾಲಿಗೆ ಶಕ್ತಿ ಒಯ್ಯುವ ವಸ್ತುವೇ ಅಲ್ಲಿಲ್ಲ.

ಅಲ್ಲಿಂದಲೇ ಫೋನು ಮಾಡಿದ.

"ಹೌದ್ರಿ," ಎಂದ ಸಿದ್ಧಾರೂಢ ಆರಾಮವಾಗಿ. "ಅದನ್ನ ಬಿಚ್ಚಿಸಿ ಭಾಳ ದಿನಾ ಆತು. ಡೀಸೆಲ್ ಭಾಳ ಕುಡಿತಿತ್ತು. ನಮ್ಮ ಕಡೆ ಡಾಂಬರ ರಸ್ತಾ, ನಮಗೇನು ಕೆಲಸ ಅದರದು? ಗುಜರಿಗೆ ಹಾಕಿದ್ವಿ."

"ನನಗ್ಯಾಕ ಹೇಳ್ಲಿಲ್ಲ?"

"ನೀವು ಕೇಳಲೇ ಇಲ್ಲಲ್ರಿ, ಬೀಗರ."

ಹಾಲು ಒಡೆಯಿತು. ಮರುದಿನವೂ ಒಡೆಯಿತು. ಗೂಳಪ್ಪ ನಾಚಿಕೆ ಬಿಟ್ಟು ಅಳ್ನಾವರಕ್ಕೆ ಹೋದ. ತುಕ್ಕಿನ ಜೀಪು ಮಾರಿಹೋಗಿತ್ತು. ಮಜೀದ ಹಳೆಯ ಮಾತನ್ನು ಎತ್ತಿ ಆಡಲಿಲ್ಲ. "ಶಾಫ್ಟು ಹುಡಕೂಣು, ಆದ್ರ ಅದು ಸಿಗೂದ್ರಾಗ ಮಳಿ ಮುಗೀತೈತಿ" ಎಂದಷ್ಟೇ ಹೇಳಿದ. ಬೈದಿದ್ದರೆ ಗೂಳಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು. ಆ ವಾರವೇ ಡೇರಿಯವರು ಲೈನನ್ನು ಬೇರೆಯವರಿಗೆ ಕೊಟ್ಟರು.

ಅವತ್ತೇ ಅವನು ದುಮ್ಮವಾಡಕ್ಕೆ ಹೊರಟ. ಡಾಂಬರು ರಸ್ತೆಯ ಮೇಲೆ ಜೀಪು ನವಿಲಿನ ಹಾಗೆ ಓಡಿತು. ಬೀಗನ ಮುಖದ ಮೇಲೆ ಏನೇನು ಉಗುಳಬೇಕು ಎಂದು ದಾರಿಯುದ್ದಕ್ಕೂ ಗಟ್ಟಿಯಾಗಿ ಬೈದುಕೊಳ್ಳುತ್ತ ಹೋದ.

ಮಂಜುಳಾ ಕೈಕಾಲಿಗೆ ನೀರು ತಂದಳು. ತಂಬಿಗೆ ಬಗ್ಗಿಸುತ್ತ ತಲೆ ಎತ್ತದೆ ಅಂದಳು, "ಯಪ್ಪಾ, ನನಗ ಗೊತ್ತಿತ್ತು."

ಗೂಳಪ್ಪನ ಕೈ ನೀರಿನ ಕೆಳಗೇ ನಿಂತಿತು.

"ಫೋನ್ ಹಚ್ಚಬೇಕಂತ ಕೈಯಾಗ ಹಿಡಿದಿದ್ದೆ. ಹೇಳಿದ್ದು ಗೊತ್ತಾದ್ರ ಈ ಮನ್ಯಾಗ ನಾ ಹೆಂಗ ಇರ್ಲಿ? ಈಗೂ ಏನೂ ಅನಬ್ಯಾಡ. ನಿನ್ನ ಕಾಲು ಬೀಳ್ತೀನಿ. ನೀ ಬೈದು ಹೋಗಾಂವ, ನಾ ಇಲ್ಲೇ ಇರಾಕಿ."

ಕಟ್ಟೆಯ ಮೇಲೆ ಸಿದ್ಧಾರೂಢನ ಜೊತೆ ಅದೇ ಊರಿನ ಹನಮಂತಪ್ಪ ಎಂಬವನು ಕುಳಿತಿದ್ದ. "ಬರ್ರಿ ಬೀಗರ, ಬರ್ರಿ! ಅಗದಿ ಸರಿಯಾದ ಹೊತ್ತಿಗೆ ಬಂದ್ರಿ," ಎಂದ ಸಿದ್ಧಾರೂಢ. "ಇವರಿಗೊಂದು ಜೀಪು ಬೇಕಂತ. ನಮ್ಮ ತಮ್ಮಂದು ಒಂದು ಐತಿ, ಥೇಟ ನಿಮ್ಮದರಂಥಾದ್ದ. ನೀವ ಹೇಳ್ರಿ."

"ನನ್ನ ಹೊಲಾ ಹಳ್ಳದ ಆಚೆ ಐತ್ರಿ," ಎಂದ ಹನಮಂತಪ್ಪ. "ಕೆಸರಾಗ ನಾಲ್ಕೂ ಗಾಲಿ ಎಳಿತಾವೇನ್ರಿ? ಖರೇ ಹೇಳ್ರಿ."

ಸಿದ್ಧಾರೂಢ ಮೀಸೆಯ ಮೇಲೆ ಕೈಯಿಟ್ಟು ಕಾಯುತ್ತಿದ್ದ. ಮಂಜುಳಾ ಖಾಲಿ ತಂಬಿಗೆಯನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಎಳಿತಾವ," ಎಂದ ಗೂಳಪ್ಪ.

"ಸಾಕು ಬಿಡ್ರಿ," ಹನಮಂತಪ್ಪನ ಮುಖ ಅರಳಿತು. "ನಿಮ್ಮ ಸಿಟ್ಟಿನ ಸುದ್ದಿ ಕೇಳೀನಿ ನಾ. ಸಿಟ್ಟಿನ ಮನಶ್ಯಾ ಸುಳ್ಳು ಹೇಳಾಂಗಿಲ್ಲ."

ಒಳಗೆ ಊಟಕ್ಕೆ ಕರೆದರು. ಗೂಳಪ್ಪ ಹೋಗಿ ಕುಳಿತ. ಮಂಜುಳಾ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟಳು, ಅವನು ಬೇಡ ಎನ್ನುವ ಮೊದಲೇ ಇನ್ನಷ್ಟು ಇಟ್ಟಳು. ಅವನು ಮಗಳ ಮುಖ ನೋಡದೆ ಉಂಡ.