ಸುಮ್ಮನಿರದ ಸೈಲೆನ್ಸರ್

ನಾನು ಒಂದು ಸೈಲೆನ್ಸರ್. ಗಾಡಿಯ ಗದ್ದಲವನ್ನು ಅಡಗಿಸುವುದು ನನ್ನ ಕೆಲಸ. ಆದರೆ ಸುಮ್ಮನಿರುವುದು ನನ್ನ ಸ್ವಭಾವವಲ್ಲ. ಹುಟ್ಟಿದ ದಿನದಿಂದಲೂ ನಾನು ನೆಮ್ಮದಿಯಿಂದ ಒಂದು ಗಳಿಗೆ ಕಳೆದವನಲ್ಲ. ಯಾರು ಬರುತ್ತಾರೋ, ಈಗ ಏನಾಗುತ್ತದೋ ಎಂದು ಒಳಗೊಳಗೇ ಚಡಪಡಿಸುತ್ತಿರುತ್ತೇನೆ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ತಗಡಿನ ಶೆಡ್ಡಿನಲ್ಲಿ ನಾನು ಹುಟ್ಟಿದೆ. ಗದಿಗೆಪ್ಪ ಬಡಿಗೇರ ಎನ್ನುವವರು ದಪ್ಪ ತಗಡನ್ನು ಡೋಲಿನ ಹಾಗೆ ಸುತ್ತಿ, ವೆಲ್ಡಿಂಗ್ ಮಾಡಿ ನನಗೊಂದು ಮೈ ಕೊಟ್ಟರು. ಹೊಟ್ಟೆಯೊಳಗೆ ಮೂರು ಕೋಣೆ ಮಾಡಿದರು. ನಡುವೆ ತೂತು ತೂತಿನ ಕೊಳವೆ ಇಳಿಸಿ, ಅದರ ಸುತ್ತ ಗಾಜಿನ ಉಣ್ಣೆ ತುಂಬಿದರು. ಕಬ್ಬಿನ ಲಾರಿಯವನೊಬ್ಬ ಹೇಳಿ ಮಾಡಿಸಿದ್ದ; ಒಯ್ಯಲು ಮಾತ್ರ ಬರಲಿಲ್ಲ. ಏಳು ತಿಂಗಳು ಗೋಡೆಯ ಮೇಲೆ ನೇತಾಡಿದೆ. ಬಂದ ಗಿರಾಕಿಗಳು ನನ್ನ ಪಕ್ಕದವನನ್ನು ಇಳಿಸಿಕೊಂಡು ಹೋಗುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು. ಇನ್ನೂ ಹೊಗೆಯನ್ನೇ ಕಾಣದ ಹೊಟ್ಟೆ, ಉರಿಯಲು ಮಾತ್ರ ಕಲಿತಿತ್ತು.

ಒಂದು ಬೆಳಿಗ್ಗೆ ಶೆಡ್ಡಿನ ಮುಂದೆ ಒಂದು ಟೋಯಿಂಗ್ ಗಾಡಿ ಬಂದು ನಿಂತಿತು. ಕೆಟ್ಟು ನಿಂತ ಲಾರಿ, ತೆಗ್ಗಿಗೆ ಬಿದ್ದ ಬಸ್ಸುಗಳನ್ನು ಉಕ್ಕಿನ ಹಗ್ಗ ಕಟ್ಟಿ ಎಳೆದು ತರುವ ಡೀಸೆಲ್ ಗಾಡಿ ಅದು. ಬರುವಾಗ ಅದು ಮಾಡಿದ ಆರ್ಭಟಕ್ಕೆ ಗೋಡೆಯ ಮೇಲೆ ನಾನು ಗಡಗಡ ನಡುಗಿದೆ. ಇಳಿದವರು ಇಬ್ಬರು. ಒಬ್ಬರು ಗಾಡಿಯ ಮಾಲೀಕ ಮಾಬುಸಾಬ ನದಾಫ, ಐವತ್ತೈದು ದಾಟಿದವರು. ಇನ್ನೊಬ್ಬ ಸಿದ್ರಾಮ. ಇಪ್ಪತ್ತು ವರ್ಷದಿಂದ ಅವರ ಜೊತೆಗಾರ. ಬಿದ್ದ ಗಾಡಿಗೆ ಕೊಂಡಿ ಹಾಕಿ ಹಗ್ಗ ಕಾಯುವವನು ಅವನು. ಅವನ ಬಲಗೈಯಲ್ಲಿ ಎರಡು ಬೆರಳು ಇರಲಿಲ್ಲ.

"ಗದಿಗೆಪ್ಪಣ್ಣ, ಈ ಸೈಲೆನ್ಸರ್ ಬಾಯಾಗ ಮಣ್ಣ ಹಾಕ!" ಎಂದರು ಮಾಬುಸಾಬರು. "ಇದರ ಒದರಾಟದಾಗ ಇವ ಒದರಿದ್ದು ನನಗ ಕೇಳಸಲಿಲ್ಲ. ಹಗ್ಗ ಸುತ್ತಿ ಎರಡು ಬೆರಳು ಹೋದವು. ಸಪ್ಪಳಾನ ಇರಬಾರದು, ಅಂಥಾದ್ದು ಕೊಡು."

"ಬರೇ ಸಪ್ಪಳ ಕಡಿಮಿ ಆಗಬೇಕಂದ್ರ ಹಳೇ ಅರಿಬಿ ಚಿಂದಿ ತುರುಕಿದ್ರೂ ಆಗತೈತ್ರಿ, ಸಾಬ್ರ," ಎಂದರು ಗದಿಗೆಪ್ಪ. "ಆದ್ರ ಎಂಜಿನ್ನಿಗೆ ಉಸಿರು ಕಟ್ಟಿದ್ರ ಎಳಿಯೂ ತಾಕತ್ತು ಹೋಗತೈತಿ. ಸಪ್ಪಳ ಒಳಗ ಉಳೀಬೇಕು, ಹೊಗಿ ಸರಾಗ ಹೊರಗ ಹೋಗಬೇಕು. ಕಟ್ಟಿ ನೋಡೇ ಆರಿಸೂಣು."

ಅಂಗಳದಲ್ಲಿ ಒಂದು ಮುರುಕು ಲಾರಿ ಇತ್ತು. ಅದಕ್ಕೆ ಹಗ್ಗ ಬಿಗಿದು ಒಂದೊಂದಾಗಿ ಸೈಲೆನ್ಸರ್ ಕಟ್ಟಿ ಎಳೆಸಿ ನೋಡಿದರು. ಮೊದಲನೆಯವನು ನೆಟ್ಟಗಿನ ಕೊಳವೆಯವನು; ಚೆನ್ನಾಗಿ ಎಳೆದ, ಆದರೆ ಊರಿಗೇ ಕೇಳುವಂತೆ ಕಿರುಚಿದ. ಎರಡನೆಯವನು ಸಣ್ಣ ಬಾಯಿಯವನು. ಅವನ ಸದ್ದೇ ಇಲ್ಲ. ಆದರೆ ಹಗ್ಗ ಬಿಗಿಯಾಗುತ್ತಲೇ ಎಂಜಿನ್ ಕೆಮ್ಮಿತು, ಕಪ್ಪು ಹೊಗೆ ಕಾರಿತು, ಮುರುಕು ಲಾರಿ ಒಂದು ಗೇಣೂ ಅಲುಗಲಿಲ್ಲ. ನನ್ನ ಸರದಿ ಬಂದಾಗ ನನ್ನ ಕೊಳವೆಗಳೆಲ್ಲ ಬಿಗಿದುಕೊಂಡಿದ್ದವು. ಬಿಸಿ ಹೊಗೆ ನುಗ್ಗಿ ಬಂತು. ಮೂರು ಕೋಣೆಗಳಲ್ಲಿ ಅದರ ಗದ್ದಲವನ್ನು ತಡೆದೆ, ಹೊಗೆಯನ್ನು ದಾಟಿಸಿದೆ. ಲಾರಿ ಸರಸರ ಬಂದೇ ಬಿಟ್ಟಿತು.

ಆಗ ಒಂದು ವಿಚಿತ್ರ ನೋಡಿದೆ. ಮಾಬುಸಾಬರು ಯಾವ ಸೈಲೆನ್ಸರಿಗೂ ಕಿವಿ ಕೊಡಲಿಲ್ಲ. ಪ್ರತಿ ಸಲವೂ ಸಿದ್ರಾಮನ ಮುಖ ನೋಡಿದರು. ಅವನು ಮುಖ ಕಿವುಚಿದರೆ "ಬ್ಯಾಡ" ಎಂದರು. ನನ್ನ ಸರದಿಯಲ್ಲಿ ಅವನ ಮುಖ ಅರಳಿತು. ಸಾಬರು ಬಗ್ಗಿ ನನ್ನ ಬೆನ್ನ ಮೇಲೆ ಅಂಗೈ ಇಟ್ಟು, ಅದುರುವುದು ಕಡಿಮೆಯಿದೆ ಎಂದು ನೋಡಿಕೊಂಡು, "ಇದ ಇರ್ಲಿ" ಎಂದರು. ಸದ್ದಿಲ್ಲದ ಸೈಲೆನ್ಸರ್ ಆರಿಸಲು ಬಂದವರು ಅದನ್ನು ಕೈಯಿಂದ ಯಾಕೆ ಮುಟ್ಟಿ ನೋಡಿದರು? ಆ ಪ್ರಶ್ನೆ ಅಂದಿನಿಂದ ನನ್ನನ್ನು ಕೊರೆಯತೊಡಗಿತು.

ನಾನು ಉದ್ದ ಇದ್ದುದರಿಂದ ನನ್ನನ್ನು ಗಾಡಿಯ ಹಿಂಭಾಗದ ಅಡಿಯಲ್ಲಿ ಕಟ್ಟಿದರು. ಅಲ್ಲಿಂದ ಇಬ್ಬರ ಕೆಲಸವೂ ಚೆನ್ನಾಗಿ ಕಾಣುತ್ತಿತ್ತು. ಮಾಬುಸಾಬರು ಕ್ಯಾಬಿನ್ನಿನ ಹಿಂದೆ ಕಬ್ಬಿಣದ ಮೆಟ್ಟಿಲ ಮೇಲೆ ನಿಂತು ಲಿವರ್ ಎಳೆಯುವರು. ಸಿದ್ರಾಮ ಹಿಂದೆ, ಹಗ್ಗ ಹಾಯುವ ರಾಟೆಯ ಹತ್ತಿರ. ಹಳೆಯ ಗದ್ದಲದ ಕಾಲದಲ್ಲಿ ಅವರದು ಕೈ ಭಾಷೆ. ಬೆರಳು ತಿರುಗಿಸಿದರೆ ಎಳೆ, ಅಂಗೈ ಬೀಸಿದರೆ ಸಡಿಲಿಸು, ಮುಷ್ಟಿ ಎತ್ತಿದರೆ ನಿಲ್ಲಿಸು. ಸಾಬರು ಕತ್ತು ಹಿಂದಕ್ಕೆ ತಿರುಗಿಸಿಕೊಂಡೇ ಇರಬೇಕಿತ್ತು. ಬೆರಳು ಹೋದದ್ದು ಅವರು ಕತ್ತು ನೋವೆಂದು ಒಂದು ಕ್ಷಣ ಈಚೆ ತಿರುಗಿದಾಗ.

ನಾನು ಬಂದ ವಾರದಲ್ಲೇ ಸಾಬರು ಹೇಳಿದರು: "ಇನ್ನ ಕೈ ಯಾಕ ಬೀಸ್ತಿ, ಸಿದ್ರಾಮ? ಗಾಡಿ ಬೆಕ್ಕಿನಂಗ ಐತಿ. ಬಾಯಿಲೆ ಹೇಳು, ಸಾಕು."

ಸಿದ್ರಾಮ ಏನೋ ಹೇಳಲು ಹೋಗಿ, "ಹೂಂ, ಕಾಕಾ," ಎಂದನಷ್ಟೇ.

ನನಗೆ ಹೆಮ್ಮೆಯಾಯಿತು. ಆದರೆ ದಿನ ಕಳೆದಂತೆ ಆ ಹೆಮ್ಮೆ ಇಳಿಯಿತು. ಸಿದ್ರಾಮ "ನಿಲ್ಲಸ್ರಿ" ಎಂದು ಮೂರು ಸಲ ಕೂಗಬೇಕಾಗುತ್ತಿತ್ತು. ಚಹಾದಂಗಡಿಯಲ್ಲಿ ಯಾರಾದರೂ ಮಾತಾಡಿಸಿದರೆ ಸಾಬರು ಸುಮ್ಮನೆ ನಕ್ಕು ತಲೆ ಆಡಿಸುತ್ತಿದ್ದರು. ತಪ್ಪು ಹಳೆಯ ಸೈಲೆನ್ಸರಿನದಲ್ಲ, ಅವರ ಕಿವಿಯದು ಎಂದು ನನಗೆ ತಿಳಿಯಿತು. ಸದ್ದಿಲ್ಲದ ಗಾಡಿ ಇದ್ದರೆ ತನಗೆ ಎಲ್ಲ ಕೇಳಿಸುತ್ತದೆ ಎಂದು ಅವರು ತಮ್ಮನ್ನೇ ನಂಬಿಸಿಕೊಂಡಿದ್ದರು. ನನ್ನನ್ನು ನಂಬಿ ಹಿಂದೆ ನೋಡುವುದನ್ನೇ ಬಿಟ್ಟಿದ್ದರು. ಪಾಪ, ಸಿದ್ರಾಮನ ಪ್ರಾಣ ಈಗ ಆ ಕಿವಿಯ ಮೇಲೆ ನಿಂತಿತ್ತು. ನಾನು ಹೇಳುವುದಾದರೂ ಹೇಗೆ? ನನ್ನ ಬಾಯಿಂದ ಹೊಗೆ ಬಿಟ್ಟು ಬೇರೇನೂ ಬರದು.

ಅಣ್ಣಿಗೇರಿಯ ಹತ್ತಿರ ಒಂದು ಮಧ್ಯಾಹ್ನ ಒಣಮೆಣಸಿನಕಾಯಿ ಲಾರಿಯೊಂದು ರಸ್ತೆ ಪಕ್ಕದ ತೆಗ್ಗಿಗೆ ಇಳಿದು ಜಿಗುಟು ಎರೆ ಮಣ್ಣಿನಲ್ಲಿ ಹೂತಿತ್ತು. ಚೀಲ ಒಡೆದು ಖಾರದ ಪುಡಿ ಗಾಳಿಯಲ್ಲೆಲ್ಲ ಹಾರಾಡುತ್ತಿತ್ತು. ಸೀನಿ ಸೀನಿ ಸಾಕಾಗಿ ಸಿದ್ರಾಮ ಟವೆಲ್ಲನ್ನು ಮುಖಕ್ಕೆ ಸುತ್ತಿ ಹಿಂದೆ ಗಂಟು ಬಿಗಿದ. ಕೊಂಡಿ ಹಾಕಿ ರಾಟೆಯ ಬಳಿಗೆ ಬಂದು "ಎಳೀರಿ" ಎಂದ. ಹಗ್ಗ ಬಿಗಿಯಾಯಿತು. ಲಾರಿ ಮಣ್ಣಿನಿಂದ ಮೇಲೇಳತೊಡಗಿತು.

ಹಗ್ಗ ಪಕ್ಕಕ್ಕೆ ಜಾರುತ್ತಿದೆ ಎಂದು ಅದನ್ನು ಸರಿಗೆ ತಳ್ಳಲು ಸಿದ್ರಾಮ ಹಾರೆ ಹಿಡಿದು ಬಗ್ಗಿದ. ಟವೆಲ್ಲು ಮುಖದಿಂದ ಕೊರಳಿಗೆ ಜಾರಿ, ಅದರ ತುದಿ ಹಗ್ಗದ ಜೊತೆ ರಾಟೆಯೊಳಗೆ ಹೋಯಿತು.

"ನಿಲ್ಲಸ್ರಿ! ಕಾಕಾ, ನಿಲ್ಲಸ್ರಿ!"

ಸಾಬರು ತಿರುಗಲಿಲ್ಲ. ಮೆಣಸಿನಕಾಯಿ ಲಾರಿಯ ಚಾಲಕ ತೆಗ್ಗಿನ ಆಚೆಯಿಂದ, "ಬಂದ್ ಮಾಡ್ರೀ! ಮನಿಷ್ಯಾ ಸಿಕ್ಕಾನ!" ಎಂದು ಗಂಟಲು ಹರಿದುಕೊಂಡ. ನಾನು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದ್ದೆನೆಂದರೆ, ಎರಡೂ ಕೂಗು ಹೊಲದ ತುದಿಯವರೆಗೆ ಕೇಳಿಸುವಂತಿದ್ದವು. ಕೇಳಿಸಬೇಕಾದವರಿಗೆ ಮಾತ್ರ ಕೇಳಿಸಲಿಲ್ಲ. ಟವೆಲ್ಲು ಗೇಣು ಗೇಣಾಗಿ ಒಳಗೆ ಹೋಯಿತು. ಸಿದ್ರಾಮನ ಮುಖ ರಾಟೆಯ ಹತ್ತಿರ ಬಂತು, ಕೂಗು ನಿಂತಿತು. ನಾನು ಒಡೆದು ಹೋಗಬಾರದೇ, ನನ್ನ ಹೊಟ್ಟೆ ಹರಿದು ಗದ್ದಲವೆಲ್ಲ ಹೊರಗೆ ಬೀಳಬಾರದೇ ಎಂದು ಹಂಬಲಿಸಿದೆ.

ಆಗ ಸಿದ್ರಾಮ ಎಡಗೈಯಲ್ಲಿದ್ದ ಹಾರೆಯನ್ನು ಎತ್ತಿ ನನಗೆ ಬಾರಿಸಿದ. ಒಂದು. ಎರಡು. ಮೂರನೆಯ ಪೆಟ್ಟಿಗೆ ನನ್ನ ಪಕ್ಕೆ ಒಳಗೆ ಹೋಯಿತು, ಒಂದು ಕೋಣೆಯ ಗೋಡೆ ಕಳಚಿ ಬಿತ್ತು. ಅಂಥ ನೋವು ನಾನು ಕಂಡಿರಲಿಲ್ಲ. ಆ ಪೆಟ್ಟು ನನ್ನಿಂದ ಚಾಸಿಗೆ, ಚಾಸಿಯಿಂದ ಕಬ್ಬಿಣದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಸಾಬರ ಅಂಗಾಲಿಗೆ ಹೋಯಿತು. ಅವರು ಬೆಚ್ಚಿ ಹಿಂದೆ ನೋಡಿ, ಲಿವರ್ ಬಿಟ್ಟರು.

ಚಾಲಕ ತನ್ನ ಲಾರಿಯಲ್ಲಿದ್ದ ಕುಡುಗೋಲು ಹಿಡಿದು ಓಡಿ ಬಂದು ಟವೆಲ್ಲು ಕೊಯ್ದ. ಸಿದ್ರಾಮ ನೆಲದ ಮೇಲೆ ಕುಳಿತು ಕೆಮ್ಮಿದ. ಅವನ ಕೊರಳಲ್ಲಿ ಕೆಂಪು ಬರೆ ಎದ್ದಿತ್ತು. ಮಾಬುಸಾಬರು ಅವನ ಎದುರು ಮಣ್ಣಿನಲ್ಲೇ ಕುಸಿದರು.

"ಒದರಿದ್ಯೇನೋ?"

ಸಿದ್ರಾಮ ಅವರ ಬಲಗಿವಿಗೆ ಬಾಯಿ ಹಚ್ಚಿ, "ಒದರಿದೆ, ಕಾಕಾ," ಎಂದ.

"ನನಗ ಕೇಳಸೂದಿಲ್ಲ, ಸಿದ್ರಾಮ."

"ಗೊತ್ತೈತಿ."

"ಯಾವಾಗಿಂದ?"

"ಬೆರಳು ಹೋದ ದಿನದಿಂದ."

"ಮತ್ತ ಯಾಕ ಹೇಳಲಿಲ್ಲ?"

"ನೀವ ಹೇಳ್ತೀರಿ ಅಂತ ಕಾದೆ."

ಎಂಥ ಮೊಂಡರು ಇವರು! ಒಬ್ಬರಿಗೆ ನಾಚಿಕೆ, ಇನ್ನೊಬ್ಬನಿಗೆ ಮರ್ಯಾದೆ. ನಡುವೆ ಪೆಟ್ಟು ತಿಂದವನು ನಾನು. ಆದರೂ ಅಂದು ನನಗೆ ಸಿಟ್ಟು ಬರಲಿಲ್ಲ, ಅಳು ಬಂತು. ನನ್ನ ಅಳು ಎಂದರೆ ತಣ್ಣಗಾದಾಗ ತುದಿಯಿಂದ ಇಳಿಯುವ ನಾಲ್ಕು ಹನಿ ಕರಿನೀರು.

ಅಂದಿನಿಂದ ಕೈ ಭಾಷೆ ಮರಳಿತು. ಸಿದ್ರಾಮ ದೊಡ್ಡ ಗಾಡಿಯ ಲೈಸೆನ್ಸ್ ಮಾಡಿಸಿಕೊಂಡ; ಸ್ಟೇರಿಂಗ್ ಅವನದಾಯಿತು. ಲಿವರ್ ಸಾಬರ ಹತ್ತಿರವೇ ಉಳಿಯಿತು. ಆದರೆ ಮೆಟ್ಟಿಲನ್ನು ತಿರುಗಿಸಿ, ಹಿಂದಕ್ಕೆ ಮುಖ ಮಾಡಿ ನಿಲ್ಲುವ ಹಾಗೆ ವೆಲ್ಡಿಂಗ್ ಮಾಡಿಸಿದರು. ಸಿದ್ರಾಮನ ಮೂರು ಬೆರಳಿನ ಕೈಯಿಂದ ಅವರು ಕಣ್ಣು ಕೀಳುತ್ತಿರಲಿಲ್ಲ. ನಾನು ಒಡಕು ಹೊಟ್ಟೆಯಲ್ಲಿ ಖಣಖಣ ಎನ್ನುತ್ತಾ ನಾಲ್ಕು ವರ್ಷ ದುಡಿದೆ. ತುಕ್ಕು ಹಿಡಿದು ತಳ ಬಿದ್ದಾಗ ಹೊಸಬನನ್ನು ಕಟ್ಟಿದರು.

ನನ್ನನ್ನು ಗುಜರಿಗೆ ಹಾಕುವರೆಂದು ಹೆದರಿದ್ದೆ. ಹಾಕಲಿಲ್ಲ. ಸಾಬರು ಗಾಡಿ ನಿಲ್ಲಿಸುವ ಶೆಡ್ಡಿನ ಮುಂದಿನ ಕಬ್ಬಿಣದ ಬೆಂಚಿಗೆ ಒಂದು ಕಾಲು ಮುರಿದಿತ್ತು. ಅದರ ಜಾಗಕ್ಕೆ ನನ್ನನ್ನು ನಿಲ್ಲಿಸಿ ಬೆಸೆದರು. ಮಾಬುಸಾಬರು ಆ ಬೆಂಚಿನ ಮೇಲೆ ಕುಳಿತು ರಸ್ತೆ ನೋಡುತ್ತಾರೆ. ಅವರ ಭಾರ ಹೊತ್ತು ನಾನೂ ನೋಡುತ್ತೇನೆ. ಇಲ್ಲಿಯೂ ನನಗೆ ನೆಮ್ಮದಿ ಇಲ್ಲ. ಫೋನು ಯಾವಾಗ ಬರುತ್ತದೋ, ಎಲ್ಲಿ ಯಾರು ಬಿದ್ದಿದ್ದಾರೋ ಎಂದು ಈಗಲೂ ತಳಮಳ. ಸದ್ದು ಅಡಗಿಸಿದರೆ ಸಾಕು, ಎಲ್ಲರಿಗೂ ಎಲ್ಲವೂ ಕೇಳಿಸುತ್ತದೆ ಎಂದು ಒಂದು ಕಾಲಕ್ಕೆ ನಾನು ನಂಬಿದ್ದೆ. ಹೇಳಬೇಕಾದವರು ಹೇಳದಿದ್ದರೆ ನನ್ನ ಮೂರು ಕೋಣೆ ಏನೂ ಮಾಡಲಾರವು.

ಫೋನು ಬಂದಾಗ ಸಿದ್ರಾಮ ಸಾಬರನ್ನು ಕೂಗುವುದಿಲ್ಲ. ಬೋಲ್ಟು ಬಿಗಿಯುವ ಪಾನಾ ಹಿಡಿದು ಬಂದು, ಹಾರೆಯ ಪೆಟ್ಟಿನ ಹಳೆಯ ತಗ್ಗಿನ ಮೇಲೆಯೇ ನನಗೆ ಮೂರು ಸಲ ಬಡಿಯುತ್ತಾನೆ. ಬೆಂಚು ಅದುರುತ್ತದೆ. ಮಾಬುಸಾಬರು ನನ್ನ ಬೆನ್ನ ಮೇಲೆ ಅಂಗೈ ಇಟ್ಟು, "ಕೇಳಸ್ತು, ಕೇಳಸ್ತು," ಎನ್ನುತ್ತಾ ಎದ್ದು ಹೋಗುತ್ತಾರೆ.